ರಾಗಿ ಗೆದ್ದ ಮೇಲೆ

ಸರ್ವಜ್ಞ ಇಂದು ಇದ್ದಿದ್ದರೆ ಏನೆನ್ನುತ್ತಿದ್ದ, ಬೀಚಿ ಇದ್ದಿದ್ದರೆ ಯಾರನ್ನು ಝಾಡಿಸುತ್ತಿದ್ದರು ಎಂದು ವೇದಿಕೆಯ ಮೇಲೆ ಯಾರಾದರೂ ಕೇಳಿದರೆ ಸಭೆ ಚಪ್ಪಾಳೆ ತಟ್ಟುತ್ತದೆ. ಬೈಸಿಕೊಳ್ಳಬೇಕಾದವರು ಸಭೆಯ ಹೊರಗೆಲ್ಲೋ ಇದ್ದಾರೆಂಬ ಧೈರ್ಯ ಎಲ್ಲರಿಗೂ. ನಮ್ಮ ವಿಡಂಬನೆಯ ಪರಂಪರೆಯಲ್ಲಿ ಗಟ್ಟಿಯಾಗಿ ಉಳಿದಿರುವ ಕೃತಿಗಳು ಓದುಗನಿಗೆ ಈ ಧೈರ್ಯ ಕೊಡುವುದಿಲ್ಲ. ಲೋಕವೇ ಕೆಟ್ಟಿತು ಎಂದು ಗೊಣಗಿದ ಪದ್ಯಗಳೆಲ್ಲ ಮೊದಲು ಸುಭಾಷಿತಗಳಾದವು, ಈಗ ವಾಟ್ಸ್‌ಆ್ಯಪ್‌ನ ಶುಭೋದಯಗಳಾಗಿವೆ.

ಕನಕದಾಸರ ‘ರಾಮಧಾನ್ಯ ಚರಿತ್ರೆ’ಯನ್ನು ನೋಡಿ. ಭಾಮಿನಿ ಷಟ್ಪದಿಯ ಈ ಪುಟ್ಟ ಕಾವ್ಯದಲ್ಲಿ ಭತ್ತಕ್ಕೂ ರಾಗಿಗೂ ಜಗಳ. ನೀನು ಕೀಳು ಜನರ ಕೂಳು ಎಂದು ಭತ್ತ ಮೂದಲಿಸಿದರೆ, ಸತ್ತವರ ಬಾಯಿಗೆ ಬೀಳುವವನು ನೀನು ಎಂದು ರಾಗಿ ತಿರುಗಿಬೀಳುತ್ತದೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗಿ ಉಳಿದು ರಾಘವನ ಹೆಸರನ್ನೇ ಪಡೆಯುತ್ತದೆ. ಜಾತಿಯ ಮಾತನ್ನು ಕನಕದಾಸರು ಉಪದೇಶದಲ್ಲಿ ಹೇಳದೆ ಊಟದೆಲೆಗೇ ತಂದು ಬಡಿಸಿದರು. ಅನ್ನ ಉಣ್ಣುವವನು ಪಕ್ಕಕ್ಕೆ ತಿರುಗಿ ನಗುವಂತಿಲ್ಲ. ಕೊನೆಯಲ್ಲಿ ಭತ್ತಕ್ಕೂ ಸಮಾಧಾನ ಹೇಳಿ ರಾಜಿ ಮಾಡಿಸುವುದು ಮಾತ್ರ ನನಗೆ ಸ್ವಲ್ಪ ಸಪ್ಪೆ ಎನಿಸುತ್ತದೆ.

ಈಗ ರಾಗಿ ಎರಡನೇ ಸಲ ಗೆದ್ದಿದೆ. 2023 ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷವಾಯಿತು; ಮಾಲುಗಳಲ್ಲಿ ರಾಗಿ ಬಿಸ್ಕತ್ತು, ರಾಗಿ ಮಾಲ್ಟ್, ರಾಗಿ ಶಾವಿಗೆ. ಡಾಕ್ಟರು ಸಕ್ಕರೆ ಕಾಯಿಲೆ ಎಂದ ಕೂಡಲೇ ಮುದ್ದೆಗೆ ಮಡಿ ಬಂದುಬಿಡುತ್ತದೆ. ಆದರೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದವನಿಗೆ ‘ನಿಮ್ಮ ಪೈಕಿ ಯಾವುದು?’ ಎಂಬ ಪ್ರಶ್ನೆ ತಪ್ಪಿಲ್ಲ. ಕೇಳಿದ ಮಾಲೀಕರ ಅಡುಗೆಮನೆಯಲ್ಲಿ ರಾಗಿ ಹಿಟ್ಟಿನ ಪೊಟ್ಟಣ ಇದ್ದೇ ಇರುತ್ತದೆ. ಬಡ್ತಿ ಸಿಕ್ಕಿದ್ದು ಧಾನ್ಯಕ್ಕೆ. ಮುದ್ದೆ ಉಂಡೇ ಬೆಳೆದವರ ಕಡತ ಇನ್ನೂ ವಿಲೇವಾರಿಯಾಗಿಲ್ಲ.

ಕೈಲಾಸಂ ಕೂಡ ದೂರ ನಿಂತು ಕಲ್ಲೆಸೆದವರಲ್ಲ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು, ತಮ್ಮದೇ ವರ್ಗದ ಇಂಗ್ಲಿಷ್ ಬೆರಕೆ ಮಾತನ್ನು ರಂಗಕ್ಕೆ ತಂದರು. ತಮ್ಮ ಮನೆಯ ಮಾತನ್ನೇ ಕೇಳಿ ಪ್ರೇಕ್ಷಕರು ನಕ್ಕರು. ‘ಟೊಳ್ಳುಗಟ್ಟಿ’ಯಲ್ಲಿ ಓದಿನ ಹುಡುಗ ಟೊಳ್ಳು, ದಡ್ಡನೆನಿಸಿಕೊಂಡವನು ಗಟ್ಟಿ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 625 ತೆಗೆದವರ ಫ್ಲೆಕ್ಸ್ ಕಟ್ಟುವ ಇಂದಿನ ತಂದೆ ತಾಯಂದಿರೂ ಆ ನಾಟಕ ನೋಡಿ ನಗುತ್ತಾರೆ, ಪಕ್ಕದ ಮನೆಯವರ ಕಥೆ ಎಂದುಕೊಂಡು.

ಪರಂಪರೆಯನ್ನು ಹೊಗಳುವಾಗ ಅದರ ಹುಳುಕನ್ನು ಮುಚ್ಚಬೇಕಿಲ್ಲ. ಸರ್ವಜ್ಞನ ಹೆಸರಿನಲ್ಲಿರುವ ತ್ರಿಪದಿಗಳಲ್ಲಿ ಹೆಣ್ಣನ್ನು ಹೀಗಳೆಯುವವೂ ಇವೆ. ರಾಶಿಯವರು 1942ರಲ್ಲಿ ಆರಂಭಿಸಿದ ಹಾಸ್ಯಪತ್ರಿಕೆ ‘ಕೊರವಂಜಿ’ ಕನ್ನಡಕ್ಕೆ ಸಭ್ಯ ನಗೆಯನ್ನು ಕಲಿಸಿತು, ಆರ್.ಕೆ. ಲಕ್ಷ್ಮಣ್ ಅವರ ಎಳೆಯ ಗೆರೆಗಳಿಗೂ ಜಾಗ ಕೊಟ್ಟಿತು. ಅದರ ಲೋಕ ಬಹುಮಟ್ಟಿಗೆ ಓದು ಬಲ್ಲ ಪಟ್ಟಣಿಗರದು. ಆಮೇಲೆ ಬಂದ ಹಾಸ್ಯೋತ್ಸವಗಳು ಆ ಸೊಗಸನ್ನು ಬಿಟ್ಟು ಹೆಂಡತಿ ಜೋಕುಗಳನ್ನಷ್ಟೇ ಹಿಡಿದುಕೊಂಡವು.

ದಿನಕರ ದೇಸಾಯಿಯವರ ಚುಟುಕಕ್ಕೆ ಬೇರೆ ಬಲವಿತ್ತು. ಉತ್ತರ ಕನ್ನಡದ ಗೇಣಿದಾರರ ಪರ ಹೋರಾಡಿದ ಮನುಷ್ಯ, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಶಾಲೆ ತೆರೆದವರು, 1967ರಲ್ಲಿ ಲೋಕಸಭೆಗೂ ಹೋದವರು. ರಾಜಕಾರಣಿಯನ್ನು ಗೇಲಿ ಮಾಡುವಾಗ ಆ ಕುರ್ಚಿಯ ಬಿಸಿ ಅವರಿಗೆ ಗೊತ್ತಿತ್ತು. ನಾಲ್ಕು ಸಾಲು, ಕೊನೆಗೊಂದು ಪೆಟ್ಟು: ಮೀಮ್ ಮಾಡುವವರೂ ಅದನ್ನೇ ಮಾಡುತ್ತಾರೆ, ಕೆಲವರು ಚೆನ್ನಾಗಿಯೇ. ಆದರೆ ಚುಟುಕಕ್ಕೆ ಎದುರಿಗೊಂದು ಮುಖ ಬೇಕು. ಮಂತ್ರಿ, ಧಣಿ, ಗುಮಾಸ್ತ ಯಾರಾದರೂ ಆದೀತು. ಊಟ ತರುವ ಹುಡುಗನ ಕೂಲಿ ಕತ್ತರಿಸುವ ಆ್ಯಪಿಗೆ ಮುಖವೆಲ್ಲಿ?

ಅಂಥ ಕಡೆ ಕನಕದಾಸರ ವಾದದ ದಾರಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆಂದು ನನ್ನ ಅಂದಾಜು. ಅದು ವಸ್ತುಗಳಿಗೇ ಬಾಯಿ ಕೊಡುತ್ತದೆ. ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಮನೆಕೆಲಸದವರಿಗೆ, ಡೆಲಿವರಿ ಹುಡುಗರಿಗೆ ಬೇರೆ ಲಿಫ್ಟ್ ಇರುತ್ತದಲ್ಲ, ಆ ಎರಡು ಲಿಫ್ಟುಗಳನ್ನು ಯಾರಾದರೂ ಷಟ್ಪದಿಯಲ್ಲಿ ಜಗಳಕ್ಕೆ ಬಿಡಲಿ. ತೀರ್ಪು ಕೊಡಲು ರಾಮನನ್ನು ಕರೆಯುವುದು ಬೇಡ. ನಿವಾಸಿಗಳ ಸಂಘದ ಮಾಸಿಕ ಸಭೆಯಲ್ಲೇ ಓದಿಸಲಿ.