ಕಂಬವೂ ಜಂಗಮ

ಬಸವಣ್ಣನವರ ದೇಗುಲದ ವಚನವನ್ನು ನಾವೆಲ್ಲ ಶಾಲೆಯಿಂದಲೇ ಬಲ್ಲೆವು. ಉಳ್ಳವರ ಕಲ್ಲಿನ ಗುಡಿ ಒಂದು ಕಡೆ, ಬಡವನ ಮೈ ಇನ್ನೊಂದು ಕಡೆ. ಕಾಲನ್ನು ಕಂಬವೆಂದದ್ದನ್ನು ತರಗತಿಯಲ್ಲಿ ‘ರೂಪಕ’ ಎಂದು ಬರೆಸಿ ಮುಂದೆ ಸಾಗುತ್ತೇವೆ. ಎ.ಕೆ. ರಾಮಾನುಜನ್ 1973ರ ‘ಸ್ಪೀಕಿಂಗ್ ಆಫ್ ಶಿವ’ದ ಪ್ರಸ್ತಾವನೆಯ ಆರಂಭದಲ್ಲೇ ಈ ವಚನವನ್ನಿಟ್ಟು, ನಿಂತದ್ದು ಮತ್ತು ಚಲಿಸುವುದು ಎಂಬ ವಿರೋಧವನ್ನು ಬಿಡಿಸಿ ತೋರಿಸಿದರು. ಆ ಓದಿನ ನಂತರವೂ ಒಂದು ಪ್ರಶ್ನೆ ಉಳಿಯುತ್ತದೆ. ಮೈ ಜಂಗಮವಾದರೆ ಅದರೊಳಗಿನ ಕಂಬ ಏನು? ಎಲುಬಾದರೂ ಸ್ಥಾವರವಲ್ಲವೇ?

ಅಲ್ಲ. ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಹಳೆಯ ಎಲುಬನ್ನು ಕರಗಿಸುತ್ತವೆ, ಆಸ್ಟಿಯೋಬ್ಲಾಸ್ಟ್‌ಗಳು ಅದೇ ಜಾಗದಲ್ಲಿ ಹೊಸದನ್ನು ಕಟ್ಟುತ್ತವೆ. ವಯಸ್ಕರಲ್ಲಿ ವರ್ಷಕ್ಕೆ ಶೇಕಡಾ 10ರಷ್ಟು ಎಲುಬು ಹೀಗೆ ಹೊಸದಾಗುತ್ತದೆ. ದೇಹದ ಕ್ಯಾಲ್ಸಿಯಂನಲ್ಲಿ ಶೇಕಡಾ 99ರಷ್ಟು ಇರುವುದು ಇಲ್ಲೇ. ರಕ್ತದಲ್ಲಿ ಅದು ಇಳಿದರೆ ಪ್ಯಾರಾಥೈರಾಯ್ಡ್ ಹಾರ್ಮೋನು ಎಲುಬಿನ ಕಣಜದಿಂದ ತೆಗೆಸಿಕೊಡುತ್ತದೆ. ಎಲುಬು ಬರೀ ಕಣಜವೂ ಅಲ್ಲ. ಅದರ ಕೋಶಗಳಿಂದ ಹೊರಡುವ ಎಫ್‌ಜಿಎಫ್-23 ಎಂಬ ಹಾರ್ಮೋನು ಎಷ್ಟು ಫಾಸ್ಫೇಟ್ ಹೊರಹಾಕಬೇಕೆಂದು ಮೂತ್ರಪಿಂಡಕ್ಕೆ ತಿಳಿಸುತ್ತದೆ.

ಇಷ್ಟು ಹೇಳಿ, ‘ಹನ್ನೆರಡನೇ ಶತಮಾನದಲ್ಲೇ ನಮ್ಮವರಿಗೆ ಇದೆಲ್ಲ ಗೊತ್ತಿತ್ತು’ ಎಂದುಬಿಡುವುದು ವಿಚಾರಸಂಕಿರಣಗಳ ಸುಲಭದ ದಾರಿ. ಅದು ವಚನಕ್ಕೂ ವಿಜ್ಞಾನಕ್ಕೂ ಅನ್ಯಾಯ. ಎಲುಬಿನ ಆಸ್ಟಿಯೋಕ್ಯಾಲ್ಸಿನ್ ರಕ್ತದ ಸಕ್ಕರೆಯ ಹದವನ್ನೂ ಕಾಯುತ್ತದೆ ಎಂದು 2007ರಲ್ಲಿ ಇಲಿಗಳ ಮೇಲಿನ ಪ್ರಯೋಗ ಹೇಳಿತು. 2020ರಲ್ಲಿ ಬಂದ ಬೇರೆ ಪ್ರಯೋಗಗಳಲ್ಲಿ ಹಾಗೆ ಕಾಣಲಿಲ್ಲ. ವಿಜ್ಞಾನ ತನ್ನ ಮಾತನ್ನು ತಾನೇ ತಿದ್ದಿಕೊಳ್ಳುತ್ತದೆ. ನಿನ್ನೆಯ ಮಾತಿಗೆ ಕಟ್ಟಿಹಾಕಿದ ವಚನದ ಗತಿ ಆಗ ಏನು?

ಎಲುಬಿನ ತಿಳಿವಳಿಕೆ ನೆರವಾಗುವುದು ಬೇರೆ ಕಡೆ. ವಚನದಲ್ಲಿ ಮಾತಾಡುವವನು ತಾನು ಬಡವನೆನ್ನುತ್ತಾನೆ. ನಾವದನ್ನು ಭಕ್ತನ ವಿನಯವೆಂದು ಓದುತ್ತೇವೆ. 1997ರವರೆಗೆ ಧಾರವಾಡ ಜಿಲ್ಲೆಯಲ್ಲೇ ಇದ್ದ ಮುಂಡರಗಿ ಸೀಮೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅದನ್ನು ಬಹಳ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹೊಸದಾಗಿ ಕಟ್ಟುವ ಎಲುಬಿನೊಳಗೇ ಫ್ಲೋರೈಡ್ ಸೇರಿಕೊಳ್ಳುತ್ತದೆ. ಎಲುಬು ದಪ್ಪಗಾದರೂ ಗಟ್ಟಿಯಾಗುವುದಿಲ್ಲ; ಕೀಲು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಶುದ್ಧ ನೀರು ಕೊಳ್ಳಬಲ್ಲವರು ಪಾರಾಗುತ್ತಾರೆ. ಕೊಳ್ಳಲಾಗದವರ ಕಾಲು ನಿಜಕ್ಕೂ ಕಲ್ಲುಕಂಬವಾಗತೊಡಗುತ್ತದೆ.

ಅಂದರೆ ಉಳ್ಳವರು–ಬಡವರು ಎಂಬ ಭೇದ ಗುಡಿಯ ಬಾಗಿಲಲ್ಲೇ ನಿಲ್ಲದೆ ಕಂಬದೊಳಕ್ಕೂ ಇಳಿಯುತ್ತದೆ. ಚಲಿಸುವುದಕ್ಕೆ ಕೊನೆಯಿಲ್ಲವೆಂಬ ವಚನದ ಮುಕ್ತಾಯವನ್ನು ಆತ್ಮದ ಅಮರತ್ವವೆಂದು ತಿಳಿದು ನೆಮ್ಮದಿ ಪಡುವ ಮೊದಲು, ಚಲನೆ ನಿಲ್ಲದಿರಲು ಮೈಗೆ ಏನೇನು ಬೇಕು ಎಂದು ಕೇಳಬೇಕು. ದುಡಿಮೆ ಬೇಕು, ಏಕೆಂದರೆ ಭಾರ ಹೊರದ ಎಲುಬು ಸವೆಯುತ್ತದೆ. ಅನ್ನ ಬೇಕು, ಒಳ್ಳೆಯ ನೀರು ಬೇಕು. ಕಾಯಕ, ದಾಸೋಹ ಎಂಬ ಮಾತುಗಳನ್ನು ಈ ವಚನದ ಪಕ್ಕದಲ್ಲಿಟ್ಟು ಓದಬೇಕಾದದ್ದು ಇದಕ್ಕಾಗಿಯೇ.