ತವರು ಮರೆತೀತೆಂಬ ಅಂಜಿಕೆ

ಸ್ಪ್ಯಾನಿಷ್ ಪ್ರೇಮಗೀತೆಗಳಲ್ಲಿ ನನಗೆ ಮೊದಲು ಪರಿಚಯವಾದದ್ದು ‘ಬೇಸಾಮೆ ಮೂಚೊ’. ಸರ್ಜಾಪುರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಹಾಡು ಕೇಳಿಸಿ, ಅರ್ಥವನ್ನೂ ಹೇಳಿದಳು. ಮೆಕ್ಸಿಕೋದ ಪಿಯಾನೋ ವಾದಕಿ ಕೊನ್ಸುಯೆಲೊ ವೆಲಾಸ್ಕೆಸ್ 1940ರ ಸುಮಾರಿಗೆ, ಎಳೆಯ ವಯಸ್ಸಿನಲ್ಲೇ ಬರೆದ ಬೊಲೆರೊ ಇದು. ಬೊಲೆರೊ ಎಂದರೆ ಕ್ಯೂಬಾದಲ್ಲಿ ಹುಟ್ಟಿದ ನಿಧಾನಗತಿಯ ಪ್ರೇಮಗೀತೆ. ಈ ಹಾಡಿನ ವಿಶೇಷ ನೋಡಿ: ಪ್ರೀತಿಸಿದ ಜೀವ ಇನ್ನೂ ಎಲ್ಲಿಗೂ ಹೋಗಿಲ್ಲ, ಎದುರಿಗೇ ಇದೆ. ಆದರೂ ಕಳೆದುಕೊಂಡೇನೆಂಬ ಭಯ ಆಗಲೇ ಒಳಗೆ ಬಂದು ಕೂತಿದೆ.

ನಮ್ಮಲ್ಲಿ ಇಂಥದ್ದು ಇಲ್ಲವೇ ಎಂದು ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ (1942) ತೆಗೆದೆ. ಅಲ್ಲಿ ಹೆಂಡತಿ ತವರಿಗೆ ಹೋದರೆ ಗಂಡ ಚಡಪಡಿಸುತ್ತಾನೆ, ನಿಜ. ಆದರೆ ಹೋದವಳು ಬಂದೇ ಬರುತ್ತಾಳೆ. ಮದುವೆಯ ಭರವಸೆಯ ಮೇಲೆ ನಿಂತ ಒಲವಿಗೆ ಅಗಲಿಕೆಯೂ ಒಂದು ಸವಿಯೇ.

ನಾನು ಹುಡುಕುತ್ತಿದ್ದ ಭಯ ಸಿಕ್ಕಿದ್ದು ಬೀಸುವ ಕಲ್ಲಿನ ಮುಂದೆ. ಹಲಸಂಗಿ ಗೆಳೆಯರು ಸಂಗ್ರಹಿಸಿ 1931ರಲ್ಲಿ ಹೊರತಂದ ‘ಗರತಿಯ ಹಾಡು’ ಓದಿ. ಗಂಡನ ಮೇಲಿನ ಒಲವೂ ನಮ್ಮ ತ್ರಿಪದಿಗಳಲ್ಲಿ ಉಂಟು. ಕರುಳು ಹಿಂಡುವುದು ಮಾತ್ರ ತವರಿನ ಹಂಬಲ. ಹಬ್ಬಕ್ಕೆ ಕರೆಯಲು ಅಣ್ಣ ಬರುತ್ತಾನೋ ಇಲ್ಲವೋ? ತಾಯಿಯಿಲ್ಲದ ಮನೆಯಲ್ಲಿ ಅತ್ತಿಗೆ ಬಾ ಎನ್ನುತ್ತಾಳೋ ಇಲ್ಲವೋ? ಹೀಗೆಲ್ಲ ಕುದಿದರೂ ಅವಳು ಶಪಿಸುವುದಿಲ್ಲ; ತವರು ತಣ್ಣಗಿರಲಿ ಎಂದು ಹರಸುತ್ತಾಳೆ.

ಈ ಹರಕೆಯನ್ನು ಹೆಣ್ಣಿನ ದೊಡ್ಡ ಗುಣವೆಂದು ಹೊಗಳಿದ್ದೇ ಹೊಗಳಿದ್ದು. ನನಗೆ ಅಷ್ಟೇ ಎನ್ನಿಸುವುದಿಲ್ಲ. ಆಸ್ತಿಯಲ್ಲಿ ಪಾಲಿಲ್ಲದವಳಿಗೆ ತವರಿನಲ್ಲಿದ್ದ ಆಧಾರ ಅಣ್ಣನ ಪ್ರೀತಿಯೊಂದೇ. ಅದೂ ತಪ್ಪಿದರೆ ಕಷ್ಟಕಾಲಕ್ಕೆ ಹಿಂತಿರುಗಲು ಒಂದು ಬಾಗಿಲಿಲ್ಲ. ಹರಸದೆ ಇನ್ನೇನು ಮಾಡಿಯಾಳು? ಬೊಲೆರೊದಲ್ಲಿ ಬೇಡುವವಳು ಬಾಯಿಬಿಟ್ಟು ಬೇಡುತ್ತಾಳೆ. ನಮ್ಮ ಗರತಿ ಬೇಡಿಕೆಯನ್ನು ಹರಕೆಯೊಳಗೆ ಮುಚ್ಚಿಡುತ್ತಾಳೆ.

ಹಿಂದೂ ಕುಟುಂಬಗಳ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಜಾರಿಗೆ ಬಂತು. ಅಂಜಿಕೆ ಹೋಯಿತೇ? ನಮ್ಮೂರ ಸುತ್ತಲಿನ ರಾಗಿ ಹೊಲಗಳು ಲೇಔಟುಗಳಾಗಿವೆ. ಎಷ್ಟೋ ವರ್ಷ ಗೌರಿ ಹಬ್ಬಕ್ಕೂ ಕರೆಯದಿದ್ದ ಅಣ್ಣ ಕಾರಿನಲ್ಲಿ ಬಂದು, ಸೀರೆ ಕೊಟ್ಟು, ತಂಗಿಯನ್ನು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಲು ಕರೆದೊಯ್ಯುವುದನ್ನು ಕಂಡಿದ್ದೇನೆ. “ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತೆ ಕಣಮ್ಮ” ಎಂದರು ನಮ್ಮ ಬೀದಿಯ ಹಿರಿಯಕ್ಕ ಒಬ್ಬರು.

ಬೀಸುವ ಕಲ್ಲು ಮನೆಗಳಿಂದ ಹೋಗಿದೆ. ಆ ಹಾಡು ಮಾತ್ರ ಇನ್ನೂ ಮುಗಿದಿಲ್ಲ.