ಹೂತಿಟ್ಟವರಿಗೆ ಎಷ್ಟು ಶಿಕ್ಷೆ?

ಬಿಲ್ಕಿಸ್ ಬಾನೊ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2017ರ ಮೇ 4ರಂದು ನೀಡಿದ ತೀರ್ಪನ್ನು ಹನ್ನೊಂದು ಮಂದಿಯ ಜೀವಾವಧಿ ಶಿಕ್ಷೆ ಎತ್ತಿಹಿಡಿದ ತೀರ್ಪೆಂದೇ ಎಲ್ಲರೂ ನೆನೆಯುತ್ತಾರೆ. ಅದೇ ತೀರ್ಪು ಐವರು ಪೊಲೀಸರನ್ನೂ ಇಬ್ಬರು ವೈದ್ಯರನ್ನೂ ತಪ್ಪಿತಸ್ಥರೆಂದು ಸಾರಿತ್ತು. ಕೆಳಗಿನ ನ್ಯಾಯಾಲಯ ಖುಲಾಸೆ ಮಾಡಿದ್ದವರು ಇವರು. ತೀರ್ಪಿನ ಹೆಚ್ಚುಗಾರಿಕೆಯೂ ಕೊರತೆಯೂ ಇಲ್ಲೇ ಇವೆ.

ಇವರ ಮೇಲಿದ್ದದ್ದು ಅಪರಾಧ ಮುಚ್ಚಿಹಾಕಲು ದಾಖಲೆ ತಿರುಚಿದ, ಸಾಕ್ಷ್ಯ ನಾಶ ಮಾಡಿದ ಆರೋಪ. 2002ರ ಮಾರ್ಚ್‌ನಲ್ಲಿ, ಗುಜರಾತ್ ಗಲಭೆಯ ವೇಳೆ, ಸಾಮೂಹಿಕ ಅತ್ಯಾಚಾರಕ್ಕೆ ತುತ್ತಾಗಿ, ಪುಟ್ಟ ಮಗಳನ್ನೂ ಮನೆಯವರನ್ನೂ ಕಳೆದುಕೊಂಡ ಬಿಲ್ಕಿಸ್ ಲಿಂಖೇಡಾ ಠಾಣೆಗೆ ಬಂದಾಗ, ಬರೆದುಕೊಂಡ ದೂರಿನಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ. ಮುಂದೆ ಸಿಬಿಐ ಶವಗಳನ್ನು ಹೂತಿದ್ದ ಗುಂಡಿ ಅಗೆಸಿದಾಗ ಅಸ್ಥಿಗಳ ಜೊತೆ ಉಪ್ಪು ಸಿಕ್ಕಿತು, ತಲೆಬುರುಡೆ ಒಂದೂ ಸಿಗಲಿಲ್ಲ. ದೇಹ ಬೇಗ ಕರಗಲೆಂದೇ ಉಪ್ಪು ಸುರಿದದ್ದು ಎಂಬುದು ಸಿಬಿಐ ವಾದ. ಗಾಬರಿಯಲ್ಲಿ ಕೈತಪ್ಪಿ ಆಗುವ ಕೆಲಸವಲ್ಲ ಇದು.

ಇಷ್ಟಾದರೂ ಹೈಕೋರ್ಟ್ ವಿಧಿಸಿದ್ದು ಅವರು ಅದಾಗಲೇ ಜೈಲಿನಲ್ಲಿ ಕಳೆದಿದ್ದ ಅವಧಿ ಮತ್ತು ತಲಾ 20 ಸಾವಿರ ರೂಪಾಯಿ ದಂಡ. ಖುಲಾಸೆಯನ್ನು ರದ್ದು ಮಾಡುವ ಧೈರ್ಯ ತೋರಿದ ಪೀಠ, ಶಿಕ್ಷೆಯ ಘಟ್ಟದಲ್ಲಿ ಹಿಂಜರಿದುಬಿಟ್ಟಿತು. ಠಾಣೆಯಲ್ಲಿ ಕೂತವರಿಗೂ ಶವಪರೀಕ್ಷೆ ಮಾಡಿದವರಿಗೂ ಒಂದೇ ದಂಡ ಬಿತ್ತು. ಯಾರ ಪಾತ್ರ ಎಷ್ಟು ಎಂದು ತೂಗುವ ಬದಲು, ವಿಚಾರಣೆ ಕಾಲದ ಸೆರೆವಾಸವೇ ಶಿಕ್ಷೆಯ ಅಳತೆಯಾಯಿತು.

ತಪ್ಪು ಪೀಠದ್ದು ಮಾತ್ರವಲ್ಲ. ಸಾಕ್ಷ್ಯನಾಶದ ಕುರಿತ, ಹಳೆಯ ಭಾರತೀಯ ದಂಡ ಸಂಹಿತೆಯ 201ನೇ ಕಲಮಿನ ಪ್ರಕಾರ ಮೂಲ ಅಪರಾಧಕ್ಕೆ ಮರಣದಂಡನೆ ಇದ್ದರೆ ಮುಚ್ಚಿಟ್ಟವರಿಗೆ ಗರಿಷ್ಠ 7 ವರ್ಷ. ಕನಿಷ್ಠ ಶಿಕ್ಷೆಯ ಮಾತೇ ಇಲ್ಲ. ಅಪರಾಧಿಗೆ ಆಶ್ರಯ ಕೊಟ್ಟವರು ಗಂಡ ಅಥವಾ ಹೆಂಡತಿಯಾದರೆ ಅದಕ್ಕೆ ಬೇರೊಂದು ಕಲಮು ವಿನಾಯಿತಿ ಕೊಡುತ್ತದೆ. ಸಂಬಂಧದ ಸಂಕಟ ಅರಿತ ಕಾನೂನು, ಸಂಬಳ ಪಡೆದು ಸಾಕ್ಷ್ಯ ಕಾಯಬೇಕಾದವರೇ ಅದನ್ನು ಅಳಿಸಿದರೆ 201ನೇ ಕಲಮಿನಲ್ಲಿ ಹೆಚ್ಚಿನ ಶಿಕ್ಷೆ ಇಟ್ಟಿಲ್ಲ. ಜೆಸ್ಸಿಕಾ ಲಾಲ್ ಕೊಲೆ ಪ್ರಕರಣದಲ್ಲಿ ಸಾಕ್ಷ್ಯನಾಶಕ್ಕೆ ಕೈಜೋಡಿಸಿದ ಆರೋಪಿಯ ಇಬ್ಬರು ಗೆಳೆಯರಿಗೆ ದೆಹಲಿ ಹೈಕೋರ್ಟ್ 2006ರಲ್ಲಿ ತಲಾ 4 ವರ್ಷ ವಿಧಿಸಿತ್ತು. ಅವರು ಸ್ನೇಹಕ್ಕೆ ಸಿಕ್ಕಿಬಿದ್ದ ಖಾಸಗಿ ವ್ಯಕ್ತಿಗಳು. ಖಾಕಿ ತೊಟ್ಟವರ ತಪ್ಪು ಅದಕ್ಕಿಂತ ದೊಡ್ಡದು. ಗೆಳೆಯ ಒಂದು ಸಾಕ್ಷ್ಯ ಮಾಯ ಮಾಡಬಲ್ಲ, ತನಿಖಾಧಿಕಾರಿ ಇಡೀ ಪ್ರಕರಣವನ್ನೇ ಹೂತುಬಿಡಬಲ್ಲ. ಬಿಲ್ಕಿಸ್ ಪ್ರಕರಣವೂ, ಸುಪ್ರೀಂ ಕೋರ್ಟ್ ಅದನ್ನು ಸಿಬಿಐಗೆ ಒಪ್ಪಿಸದಿದ್ದರೆ, ಕಡತದಲ್ಲೇ ಸಾಯುತ್ತಿತ್ತು.

ಬಿಲ್ಕಿಸ್ ಪ್ರಕರಣದ ಪೊಲೀಸರ ಮೇಲೆ, ಶಿಕ್ಷೆಯಾದ ನಂತರದ ಇಲಾಖಾ ಕ್ರಮಕ್ಕೂ ಸುಪ್ರೀಂ ಕೋರ್ಟ್ 2019ರಲ್ಲಿ ಗುಜರಾತ್ ಸರ್ಕಾರವನ್ನು ತಿವಿಯಬೇಕಾಯಿತು. ಆಮೇಲಷ್ಟೇ ಕೆಲವರ ಪಿಂಚಣಿ ಸೌಲಭ್ಯಕ್ಕೆ ಕತ್ತರಿ ಬಿತ್ತು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 201 ಹೋಗಿ 238 ಬಂದಿದೆ. ನಂಬರು ಬದಲಾಯಿತು, ಶಿಕ್ಷೆಯ ಲೆಕ್ಕ ಹಾಗೇ ಉಳಿಯಿತು. ಸರ್ಕಾರಿ ನೌಕರರೇ ಸಾಕ್ಷ್ಯ ನಾಶ ಮಾಡಿದರೆ ಕನಿಷ್ಠ ಶಿಕ್ಷೆ ಇಷ್ಟು ಎಂದು ಸಂಸತ್ತು ನಿಗದಿ ಮಾಡಬೇಕು. ಅಲ್ಲಿಯವರೆಗೆ, ಪ್ರತಿ ಆರೋಪಿಯ ಪಾತ್ರವನ್ನೂ ಬೇರೆಬೇರೆಯಾಗಿ ತೂಗಿ, ಕಾರಣ ಬರೆದು ಶಿಕ್ಷೆ ವಿಧಿಸುವ ಹೊಣೆ ನ್ಯಾಯಾಧೀಶರದ್ದು.